ಚಮಚದ ಮೇಲೆ ಸಿಂಹ ಯಾಕಿಲ್ಲ?

ಬೋಸ್ಟನ್ನಿನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ಹಳೇ ಸಾಮಾನಿನ ಅಂಗಡಿಯಲ್ಲಿ ಬೆಳ್ಳಿ ಚಮಚ ಕೊಂಡೆ. ಹಿಂದೆ 'ಡಬ್ಲ್ಯು. ಮೌಲ್ಟನ್' ಅಂತ ಒತ್ತಿದೆ. ಹಿಡಿಯ ಮೇಲೆ ಎರಡು ಅಕ್ಷರ ಕೆತ್ತಿದೆ. ಶುದ್ಧತೆ ಹೇಳುವ 925 ಅಂಕೆ ಇಲ್ಲ, ಇಂಗ್ಲಿಷ್ ಬೆಳ್ಳಿಯ ಮೇಲಿರುವ ಸಿಂಹದ ಮುದ್ರೆಯೂ ಇಲ್ಲ. ಟೋಪಿ ಬಿತ್ತಾ?"

ಇಷ್ಟಕ್ಕೇ ಹೆದರಬೇಡಿ. ಆ ಸಿಂಹ ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಇಂಗ್ಲೆಂಡಿನ ಕಚೇರಿಗಳದ್ದು. ಅಮೆರಿಕದ ವಸಾಹತುಗಳಲ್ಲಿ ಅಂಥ ಕಚೇರಿಯೇ ಇರಲಿಲ್ಲ. ಬಾಲ್ಟಿಮೋರಿನಲ್ಲಿ ಒಂದು ಶುರುವಾದದ್ದು 1814ರಲ್ಲಿ. ಇಂಗ್ಲಿಷ್ ಮಾಲಿನ ಹಾಗೆ ಕಾಣಲಿ ಅಂತ ಸುಮ್ನೆ ಸಿಂಹ ಒತ್ತಿದವರೂ ಅಮೆರಿಕದಲ್ಲಿ ಇದ್ದರು ಬಿಡಿ. ಉಳಿದಂತೆ ಗ್ಯಾರಂಟಿ ಅಂದರೆ ಅಕ್ಕಸಾಲಿಗನ ಹೆಸರು, ಅಷ್ಟೇ. 'ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ' ಅನ್ನುವ ನಮಗೆ ಇದು ಭಾರೀ ಧೈರ್ಯ ಅನಿಸಬಹುದು!

ಬೆಳ್ಳಿ ಬರುತ್ತಿದ್ದದ್ದು ಗಿರಾಕಿಯ ಚೀಲದಿಂದಲೇ. ಆಗ ಅಲ್ಲಿ ದುಡ್ಡಿಡಲು ಬ್ಯಾಂಕಿಲ್ಲ. ಕೈಗೆ ಬಂದ ಸ್ಪ್ಯಾನಿಷ್ ಡಾಲರ್ ಅನ್ನುವ ಬೆಳ್ಳಿ ನಾಣ್ಯಗಳನ್ನು ತೂಗಿಸಿ, ಕರಗಿಸಿ, ಲೋಟ ಚಮಚ ಮಾಡಿಸುತ್ತಿದ್ದರು. ನಾಣ್ಯ ಕಳುವಾದರೆ ಯಾರದ್ದು ಅಂತ ಹೇಳುವುದು ಹೇಗೆ? ಅಕ್ಷರ ಕೆತ್ತಿದ ಚಮಚವನ್ನಾದರೆ ಗುರುತು ಹಿಡಿಯಬಹುದು, ಅಲ್ವಾ? ನಿಮ್ಮ ಹಿಡಿಯ ಮೇಲಿನ ಅಕ್ಷರಗಳೂ ಅದೇ ರೂಢಿಯವು. ನಾಣ್ಯದ ಬೆಳ್ಳಿಯಾದ್ದರಿಂದ ನೂರಕ್ಕೆ ಸುಮಾರು 90 ಪಾಲು ಶುದ್ಧ, 925 ಅಂಕೆ ಸೂಚಿಸುವ ಸ್ಟರ್ಲಿಂಗ್ ಬೆಳ್ಳಿಯ 92.5ಕ್ಕಿಂತ ಚೂರು ಕಡಿಮೆ.

ಮೌಲ್ಟನ್ನರು ನಿಮಗೆ ಹತ್ತಿರದ ನ್ಯೂಬರಿಪೋರ್ಟಿನವರು. ಅಪ್ಪ, ಮಗ, ಮೊಮ್ಮಗ ಅಂತ ತಲೆಮಾರುಗಟ್ಟಲೆ ಇದೇ ಕಸುಬು. ತೊಂದರೆ ಏನೆಂದರೆ ಹೆಸರೂ ಅವೇ: ವಿಲಿಯಂ, ಜೋಸೆಫ್, ಮತ್ತೆ ವಿಲಿಯಂ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಟ್ಟ ಹಾಗೆ. ನಿಮ್ಮವನು ಯಾವ ವಿಲಿಯಂ ಅನ್ನುವುದನ್ನು ಮುದ್ರೆಯ ಅಚ್ಚು, ಚಮಚದ ಆಕಾರ ನೋಡಿಯೇ ಹೇಳಬೇಕು.

ಎಲ್ಲ ಮನೆತನವೂ ಹೀಗೆ ಬೇರು ಬಿಟ್ಟು ಕೂತದ್ದಲ್ಲ. ಬೋಸ್ಟನ್ನಿನ ಹೆಸರಾಂತ ಅಕ್ಕಸಾಲಿಗ ಪಾಲ್ ರೆವಿಯರ್‌ನ ಅಪ್ಪ ಫ್ರಾನ್ಸಿನಿಂದ ಹುಡುಗನಾಗಿ ಬಂದವನು. ಬೋಸ್ಟನ್ನಿನ ಜಾನ್ ಕೋನಿಯ ಹತ್ತಿರ ಕೆಲಸ ಕಲಿತ. 1754ರಲ್ಲಿ ಅಪ್ಪ ತೀರಿಕೊಂಡಾಗ ಮಗ ಪಾಲ್‌ಗೆ 19 ವರ್ಷ. ಅಂಗಡಿ ಅವನ ತಲೆಗೆ ಬಂತು. ನಿಮ್ಮ ಚಮಚದ ಮೇಲೆ ಆ ಮಗನ ಹೆಸರು ಇದ್ದಿದ್ದರೆ ನಾನೇ ಅನುಮಾನ ಪಡುತ್ತಿದ್ದೆ. ಸುಳ್ಳು ಮುದ್ರೆ ಬೀಳೋದು ಅಂಥ ದೊಡ್ಡ ಹೆಸರಿಗೇ ಜಾಸ್ತಿ.

ಈಗ ಚಮಚವನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಎಡ ಅಂಚು ಬಲಕ್ಕಿಂತ ಸವೆದಿದೆಯಾ? ಬಲಗೈಯವರು ವರ್ಷಗಟ್ಟಲೆ ತಟ್ಟೆ ಕೆರೆದರೆ ಹಾಗಾಗುತ್ತದೆ. ಇದ್ದರೆ ಒಳ್ಳೇ ಸೂಚನೆ. ಹಾಂ, ದೀಪ ತೊಳೆಯುವ ಹಾಗೆ ಹಲ್ಲುಪುಡಿ ಹಾಕಿ ಉಜ್ಜಬೇಡಿ. ಇರುವ ಒಂದು ಹೆಸರೂ ಅಳಿಸಿಹೋದೀತು.

– ಸಂಪಾದಕ