‘ಸಾಹೇಬ್ರು ಬರಾಕತ್ತಾರ, ಸ್ವಲ್ಪ ತಡೀರಿ’

(ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸುಮಾ ಅವರಿಗೆ 27 ವರ್ಷ. ಉತ್ತರ ಕರ್ನಾಟಕದ ಹಳ್ಳಿಯವರು. ಸೈನ್ಯದಲ್ಲಿದ್ದ ಗಂಡ ಗಡಿಯಲ್ಲಿ ತೀರಿಕೊಂಡು ಐದು ತಿಂಗಳಾಗಿತ್ತು. ಅಣ್ಣನ ಜೊತೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. ಮನೆ ಮುಂದೆ ಕಾರು ನಿಂತ ಸದ್ದಾದರೆ ಸಾಕು, ಕೈ ನಡುಗುತ್ತದೆ ಅಂದರು. ನಿದ್ದೆ ಇಲ್ಲ. ಅತ್ತೆಯ ಜೊತೆ ಮಾತು ನಿಂತೇ ಹೋಗಿದೆ.

ಸಾವಿನ ಬಗ್ಗೆ ಅವರು ಹೆಚ್ಚೇನೂ ಹೇಳಲಿಲ್ಲ. ಹೇಳಿದ್ದೆಲ್ಲ ಒಂದು ಮಧ್ಯಾಹ್ನದ ಬಗ್ಗೆ.

ಪಾರ್ಥಿವ ಶರೀರ ಶಾಲೆಯ ಮೈದಾನಕ್ಕೆ ಬಂದಿತ್ತು. ಮುಖ ನೋಡಲು ಹೋದರೆ, "ಸಾಹೇಬ್ರು ಬರಾಕತ್ತಾರ, ಸ್ವಲ್ಪ ತಡೀರಿ" ಅಂದರಂತೆ. ಒಂದು ಗಂಟೆ ಕಾದರು. ನಾಯಕರು ಬಂದು ಹೂವಿಟ್ಟು ಮೈಕಿನಲ್ಲಿ ಮಾತಾಡಿದರು. ಗಂಡನ ಹೆಸರನ್ನೇ ತಪ್ಪು ಹೇಳಿದರು. ಚೆಕ್ ಕೊಟ್ಟರು. ಫೋಟೋ ಸರಿ ಬರಲಿಲ್ಲ ಅಂತ ವಾಪಸ್ ಇಸಿದುಕೊಂಡು ಇನ್ನೊಮ್ಮೆ ಕೊಟ್ಟರು. ಆಮೇಲೆ ಹೊತ್ತು ಮುಳುಗುತ್ತದೆ ಅಂತ ಎಲ್ಲರಿಗೂ ಅವಸರ. ಸುಮಾಗೆ ಸಿಕ್ಕಿದ್ದು ಎರಡೋ ಮೂರೋ ನಿಮಿಷ.

"ಎರಡನೇ ಸಲ ಚೆಕ್ ತಗೊಳ್ಳಾಗ ನಾ ಕೈ ಮುಗದೇನ್ರಿ ಮೇಡಂ. ಯಾಕ ಮುಗದೆ?"

ಈ ಪ್ರಶ್ನೆಯನ್ನು ಅವರು ಆ ದಿನ ನಾಲ್ಕು ಸಲ ಕೇಳಿದರು. ಆ ವಿಡಿಯೋ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ನಾಯಕರ ಮೇಲಿನ ಸಿಟ್ಟು ಮೇಲಿನದು. ಅದರ ಕೆಳಗೆ ತನ್ನ ಮೇಲೆಯೇ ಸಿಟ್ಟಿತ್ತು. ನಾನು ಹೇಳಿದೆ: "ಎದುರಿಗೆ ದೊಡ್ಡವರು ನಿಂತರೆ ಕೈ ಮುಗಿಯೋದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಆ ಹೊತ್ತಿನಲ್ಲಿ ನಿಮ್ಮ ಕೈ ತಾನಾಗಿಯೇ ಮೇಲೆ ಹೋಗಿದೆ. ಅದು ನೀವು ಒಪ್ಪಿದ್ದಲ್ಲ."

ಸಿಟ್ಟು ಮಾಡಿದರೆ ಗಂಡನಿಗೆ, ದೇಶಕ್ಕೆ ಅವಮಾನ ಆಗುತ್ತದೆ ಅನ್ನೋ ಭಯವೂ ಅವರಿಗಿತ್ತು. ಆಗ ಯಲಹಂಕದ ವಿಷಯ ಹೇಳಿದೆ. 2008ರ ನವೆಂಬರಿನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮಡಿದರು. ಕೇರಳದ ಆಗಿನ ಮುಖ್ಯಮಂತ್ರಿ ಅಚ್ಯುತಾನಂದನ್ ಬೆಂಗಳೂರಿನ ಯಲಹಂಕದಲ್ಲಿರುವ ಅವರ ಮನೆಗೆ ಬಂದಾಗ ಮೇಜರ್ ಅವರ ತಂದೆ ಸಿಟ್ಟಿನಿಂದ ಹೊರಗೆ ಕಳಿಸಿದರು. ಮುಖ್ಯಮಂತ್ರಿ ಆಮೇಲೆ ಕಟುವಾಗಿ ಮಾತಾಡಿ, ಕೊನೆಗೆ ವಿಷಾದ ಹೇಳಬೇಕಾಯಿತು. ಇನ್ನೊಂದು 2009ರದ್ದು. ಬ್ರಿಟನ್ನಿನ ಆಗಿನ ಪ್ರಧಾನಿ ಗಾರ್ಡನ್ ಬ್ರೌನ್ ಅವರಿಗೆ ಒಂದು ಕಣ್ಣು ಕಾಣುವುದಿಲ್ಲ. ಆದರೂ ಅಫ್ಘಾನಿಸ್ತಾನದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಕೈಯಾರೆ ಪತ್ರ ಬರೆದರು. ಆ ತಾಯಿಯ ಹೆಸರು ತಪ್ಪಾಗಿತ್ತು. ಅಷ್ಟು ಸಾಕಾಯಿತು, ತಾಯಿಯ ಮನಸ್ಸು ಒಡೆಯಿತು. ಮನಸ್ಸು ಒಳ್ಳೆಯದಿದ್ದೂ ಹೆಸರು ತಪ್ಪಿದರೆ ಇಷ್ಟು ನೋಯುತ್ತದೆ. ಇದನ್ನು ಕೇಳಿ ಸುಮಾ ಮೊದಲ ಸಲ ಜೋರಾಗಿ ಅತ್ತರು.

ಅತ್ತೆಯನ್ನು ಬೇರೆಯಾಗಿ ಕರೆದು ಮಾತಾಡಿಸಿದೆ. ಅವರದು ಪೂರ್ತಿ ಬೇರೆ ಮಾತು. "ಅಷ್ಟ ದೊಡ್ಡ ಮಂದಿ ಬಂದು ನನ್ನ ಮಗಗ ತಲಿ ಬಗ್ಗಿಸಿದ್ರವಾ. ನಮ್ಮ ಮಾಮಾಗ ಏನ್ ಸಿಕ್ಕಿತ್ತು?" ಅವರು ಸಣ್ಣವರಿದ್ದಾಗ, 1971ರ ಯುದ್ಧದಲ್ಲಿ ಸೋದರಮಾವ ತೀರಿಕೊಂಡಿದ್ದರು. ಮನೆಗೆ ಬಂದದ್ದು ಒಂದು ತಂತಿ, ಆಮೇಲೊಂದು ಟ್ರಂಕು. 1999ರ ಕಾರ್ಗಿಲ್ ಯುದ್ಧದಿಂದೀಚೆಗೆ ಪಾರ್ಥಿವ ಶರೀರವನ್ನು ಊರಿಗೆ ಕಳಿಸುವುದು ರೂಢಿಯಾಯಿತು. ಅದರ ಹಿಂದೆಯೇ ನಾಯಕರೂ, ಕ್ಯಾಮೆರಾಗಳೂ ಬಂದವು. ನಾಯಕರು ಕೈ ಮುಗಿದು ನಿಂತ ಫೋಟೋಗೆ ಅತ್ತೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ಸುಮಾಗೆ ದಿನಾ ಅದೇ ಕಣ್ಣಿಗೆ ಬೀಳುತ್ತಿತ್ತು. ಅತ್ತೆಯ ಸಮಾಧಾನ ಸುಳ್ಳು ಅಂತ ನನಗೆ ಅನಿಸಲಿಲ್ಲ. ಅದನ್ನು ಕಿತ್ತುಕೊಳ್ಳುವ ಹಕ್ಕು ನನಗೂ ಇಲ್ಲ, ಸುಮಾಗೂ ಇಲ್ಲ.

ಸುಮಾಗೆ ನಾನು ‘ಕ್ಷಮಿಸಿಬಿಡಿ’ ಅನ್ನಲಿಲ್ಲ. ಅವತ್ತು ಸಿಗದ ಹೊತ್ತನ್ನು ಈಗ ತಗೊಳ್ಳಿ ಅಂದೆ. ಹೊಲದಲ್ಲಿರುವ ಸಮಾಧಿಯ ಹತ್ತಿರ ವಾರಕ್ಕೊಮ್ಮೆ ಒಬ್ಬರೇ ಹೋಗಿ ಕೂರಿ, ಹೇಳಬೇಕಿದ್ದದ್ದನ್ನು ಬಾಯಿಬಿಟ್ಟು ಹೇಳಿ. ಮೈಕಿನಲ್ಲಿ ಕೊಟ್ಟ ಭರವಸೆಗಳನ್ನೂ ಹಕ್ಕಿನಿಂದ ಬರುವುದನ್ನೂ ಬೇರೆ ಮಾಡಿ ಅಂತಲೂ ಹೇಳಿದೆ. ಹೀಗೆ ಮಡಿದ ಯೋಧರ ಮನೆಯವರಿಗೆ ಬರುವ ಉದಾರೀಕೃತ ಕುಟುಂಬ ಪಿಂಚಣಿ ಯಾರ ದಯೆಯೂ ಅಲ್ಲ. ಅದರ ಕಾಗದಪತ್ರಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಇದೆ, ಆ ಓಡಾಟ ಅಣ್ಣ ನೋಡಿಕೊಳ್ಳಲಿ. ಸೈಟು, ನೌಕರಿ ಅಂದಿದ್ದಕ್ಕೆ ಒಂದು ಅರ್ಜಿ ಬರೆದು ಸ್ವೀಕೃತಿ ತಗೊಳ್ಳಿ. ದಿನಾ ಫೋನಿಗೆ ಕಾಯಬೇಡಿ. ಮುಂದೆ ಯಾರೇ ಬರಲಿ, ಮೊದಲು ಮೈದುನನಿಗೆ ಫೋನ್ ಮಾಡಲಿ. ಕ್ಯಾಮೆರಾ ಹೊಸ್ತಿಲ ಹೊರಗೇ ಇರಲಿ.

ಆ ಮೈದಾನದಲ್ಲಿ ನೆನಪಿಡುವಂಥದ್ದು ಏನಾದರೂ ಇತ್ತಾ ಅಂತ ಒಮ್ಮೆ ಕೇಳಿದೆ. ತ್ರಿವರ್ಣ ಧ್ವಜ ಮಡಚಿ ಕೈಗೆ ಕೊಟ್ಟ ಅಧಿಕಾರಿ ಮಂಡಿಯೂರಿ ಕೂತು, "ಅವನು ನನಗೆ ಚಪಾತಿ ಮಾಡೋದು ಕಲಿಸಿದ" ಅಂತ ಹಿಂದಿಯಲ್ಲಿ ಹೇಳಿದ್ದರಂತೆ. ಸಂತಾಪ ಹೇಳಲು ಹೋಗುವ ನಾಯಕರು ಇಷ್ಟು ಮಾಡಿದರೆ ಸಾಕು ಅನಿಸುತ್ತದೆ. ಹೆಸರು ಸರಿಯಾಗಿ ಕೇಳಿಕೊಂಡು ಹೋಗಿ. ಮನೆಯವರು ಮುಖ ನೋಡಿದ ಮೇಲೆ ಹೋಗಿ. ಅವನು ಹೇಗಿದ್ದ ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ.

ಎಂಟನೇ ಭೇಟಿಗೆ ಅತ್ತೆ-ಸೊಸೆ ಒಟ್ಟಿಗೆ ಬಂದರು. ನಾಯಕರ ಫೋಟೋ ಈಗ ಅತ್ತೆ ಮಲಗುವ ಕೋಣೆಯಲ್ಲಿದೆ. ಪಡಸಾಲೆಯಲ್ಲಿ ಗಂಡ ರಜೆಗೆ ಬಂದಾಗ ಎತ್ತಿನ ಜೊತೆ ತೆಗೆಸಿಕೊಂಡ ಫೋಟೋ ಇದೆ. ನಿದ್ದೆ ಇನ್ನೂ ಸರಿಯಾಗಿಲ್ಲ. ಮುಂದಿನ ತಿಂಗಳು ಮತ್ತೆ ಬರುತ್ತಾರೆ.