ಅಚ್ಚಿನಲ್ಲಿ ಬೆಲ್ಲ ಗಟ್ಟಿಯಾಗದೆ ಅಂಟಾಗುತ್ತಿರುವುದಕ್ಕೆ

ಕಡಿದು ಮೂರು ದಿನವಾದ ಕಬ್ಬು, ರಸದಲ್ಲಿ ಹೆಂಡದ ವಾಸನೆ, ಅಚ್ಚಿನಿಂದ ಬಿಡದ ಬೆಲ್ಲ: ನೀವು ಹೇಳಿದ ಮೂರೂ ಸೇರಿದರೆ ಸುಕ್ರೋಸ್ (ಕಬ್ಬಿನ ರಸದ ಮುಖ್ಯ ಸಕ್ಕರೆ) ಒಡೆದಿದೆ ಎಂದೇ ಅರ್ಥ. ಕಡಿದ ಕಬ್ಬಿನೊಳಗಿನ ಇನ್ವರ್ಟೇಸ್ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಸೀಳುತ್ತದೆ. ಇವು ಹರಳು ಕಟ್ಟಲು ಬಿಡುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಯೀಸ್ಟ್ ಇವನ್ನೇ ಎಥನಾಲ್ (ಮದ್ಯಸಾರ) ಮಾಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಹುಳಿಯಾಗಿಸುತ್ತವೆ. ಎಥನಾಲ್ ಕೊಪ್ಪರಿಗೆಯಲ್ಲಿ ಆವಿಯಾಗಿ ಹೋಗುತ್ತದೆ, ಆದರೆ ಹುಳಿ ಉಳಿದು ಕುದಿಯುವಾಗ ಇನ್ನಷ್ಟು ಸುಕ್ರೋಸ್ ಒಡೆಯುತ್ತದೆ. ನಷ್ಟ ಹೆಚ್ಚುವುದು ಇಲ್ಲಿ.

ಮೊದಲು ಗಾಣ, ತೊಟ್ಟಿ, ಕೊಳವೆಗಳನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಹಳೆ ರಸದ ಲೋಳೆ ಉಳಿದರೆ ಹೊಸ ರಸವೂ ಕೆಡುತ್ತದೆ. ಕಬ್ಬನ್ನು ಕಡಿದ 24 ಗಂಟೆಯೊಳಗೆ ಅರೆಯಿರಿ, ಅರೆದ ರಸವನ್ನು ತಡಮಾಡದೆ ಒಲೆಗೇರಿಸಿ. ರಸದ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಒಳ್ಳೆಯ ರಸ 5.2ರಿಂದ 5.5ರ ಆಸುಪಾಸು ಇರುತ್ತದೆ. ಸುಣ್ಣದ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ 6 ದಾಟಿದ ಕೂಡಲೇ ನಿಲ್ಲಿಸಿ. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಆಮೇಲೆ ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯಿರಿ. ಪಾಕ 116ರಿಂದ 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿ. ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಗಟ್ಟಿ ಉಂಡೆಯಾಗಬೇಕು.

ತಾಜಾ ಕಬ್ಬಿನಲ್ಲೂ ಹೀಗೇ ಆದರೆ ಕಬ್ಬು ಬಲಿತಿಲ್ಲದಿರಬಹುದು, ಯೂರಿಯಾ ಹೆಚ್ಚಾಗಿರಬಹುದು. ರಸದ ಬ್ರಿಕ್ಸ್ (ರಸದಲ್ಲಿ ಕರಗಿದ ಸಕ್ಕರೆಯ ಅಂದಾಜು ಅಳತೆ) 18ಕ್ಕಿಂತ ಕಡಿಮೆಯಿದ್ದರೆ ಕಟಾವು ಮುಂದೂಡಿ.

ಈಗ ಅಂಟಾಗಿರುವುದನ್ನು ಮತ್ತೆ ಕುದಿಸಬೇಡಿ, ಇನ್ನೂ ಒಡೆಯುತ್ತದೆ. ಹುಳಿ ವಾಸನೆ ಇಲ್ಲದಿದ್ದರೆ ಮನೆ ಅಡುಗೆಗೆ ಬಳಸಿಕೊಳ್ಳಿ.