ರೊಟ್ಟಿ ಬಿಟ್ಟ ಅಭ್ಯರ್ಥಿ

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ, ಹಾವೇರಿ ಕಡೆಯ 26 ವರ್ಷದ ಯುವಕನೊಬ್ಬ ನನ್ನಲ್ಲಿಗೆ ಬಂದಿದ್ದ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಳೆಗಾಲದಲ್ಲಿ ಮೂರು ಸಲ ನೆಗಡಿಯಾದಾಗ ಮೂರು ಸಲವೂ ವೈದ್ಯರನ್ನು ಕಾಣದೆ ಔಷಧಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗಿದ್ದ; ಆಮೇಲೆ ಹೊಟ್ಟೆ ಕೆಟ್ಟಿತ್ತು. ಮೊಬೈಲಿನಲ್ಲಿ ಕಂಡ ವಿಡಿಯೊಗಳು ಉಳಿದ ಕೆಲಸ ಮಾಡಿದ್ದವು.

“ಹೊಟ್ಟ್ಯಾಗಿನ ಒಳ್ಳೇ ಬ್ಯಾಕ್ಟೀರಿಯಾ ಎಲ್ಲಾ ಸತ್ತಾವ್ರೀ ಮೇಡಂ, ಇನ್ನ ಯಾವ ರೋಗ ಬಂದ್ರೂ ನನ್ನ ಮೈ ತಡಕೊಳ್ಳಂಗಿಲ್ಲ” ಎಂದ. ವಾಯು ಆಗುತ್ತದೆಂದು ಜೋಳದ ರೊಟ್ಟಿ, ಕಾಳು, ಉಳ್ಳಾಗಡ್ಡಿಗಳನ್ನು ಬಿಟ್ಟು, ಹಗುರವೆಂದು ಬ್ರೆಡ್ಡು, ಬಿಸ್ಕತ್ತುಗಳ ಮೇಲೆ ದಿನ ದೂಡುತ್ತಿದ್ದ. ಜೊತೆಗೆ ಒಳ್ಳೇ ಬ್ಯಾಕ್ಟೀರಿಯಾ ತುಂಬಿದ ದುಬಾರಿ ಪ್ರೊಬಯಾಟಿಕ್ ಮಾತ್ರೆ. ಅವ್ವ ಊರಿನಿಂದ ಕಳಿಸುವ ಖಡಕ್ ರೊಟ್ಟಿಯ ಗಂಟನ್ನು ಕೋಣೆಯ ಗೆಳೆಯರಿಗೆ ಹಂಚಿ, ಆಕೆಗೆ ಫೋನಿನಲ್ಲಿ “ಉಂಡೀನಿ” ಎನ್ನುತ್ತಿದ್ದ.

ನಾನು ವೈದ್ಯಳಲ್ಲ, ಆಪ್ತಸಲಹೆಗಾರ್ತಿ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇವೆಯೇ ಎಂದು ಕೇಳಿ, ಇಲ್ಲವೆಂದರೂ ಮೊದಲು ವೈದ್ಯರಲ್ಲಿಗೆ ಕಳಿಸಿದೆ. ತಪಾಸಣೆಯಲ್ಲಿ ಬೇರೆ ರೋಗ ಕಾಣಲಿಲ್ಲ. ಕೆರಳುವ ಕರುಳಿನ ತೊಂದರೆ, ಅಂದರೆ ಐಬಿಎಸ್, ಎಂದರು.

ಅವನ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ನೆಗಡಿ ಸಾಮಾನ್ಯವಾಗಿ ವೈರಾಣುವಿನಿಂದ ಬರುವುದರಿಂದ ಆ ಆ್ಯಂಟಿಬಯಾಟಿಕ್ ಮಾತ್ರೆಗಳು ನೆಗಡಿಗೆ ನಾಟದೆ ಕರುಳಿನ ಸೂಕ್ಷ್ಮಜೀವಿಗಳನ್ನೇ ಕಲಕುತ್ತವೆ. ಆದರೆ ಅವು ಎಲ್ಲವೂ ಸಾಯುವುದಿಲ್ಲ, ಬಹುಪಾಲು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮರಳುತ್ತವೆ. ಮರಳಿದವುಗಳಿಗೆ ಉಣ್ಣಲು ನಾರು ಬೇಕು. ನಾವು ಅರಗಿಸಲಾಗದ ನಾರನ್ನು ಅವು ದೊಡ್ಡ ಕರುಳಿನಲ್ಲಿ ಹುದುಗಿಸಿ ಬ್ಯುಟಿರೇಟಿನಂಥ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ, ರೋಗನಿರೋಧಕ ವ್ಯವಸ್ಥೆ ವಿನಾಕಾರಣ ಕೆರಳದಂತೆ ಹಿಡಿತದಲ್ಲಿಡುವ ಜೀವಕೋಶಗಳಿಗೂ ಅದು ನೆರವಾಗುತ್ತದೆ. ಸತ್ತವೆಂದು ಯಾರಿಗಾಗಿ ಅಳುತ್ತಿದ್ದನೋ ಅವರನ್ನೇ ಅವನು ಉಪವಾಸ ಕೆಡವಿದ್ದ. ಅದರ ಮೇಲೆ, ಐಬಿಎಸ್ ಇರುವ ಹಲವರಲ್ಲಿ ವಾಯು ಎಬ್ಬಿಸುವ ಫ್ರಕ್ಟಾನ್ ಎಂಬ, ಕರುಳಿನಲ್ಲಿ ಬೇಗ ಹುದುಗುವ ಶರ್ಕರ ಗೋಧಿಯ ಬ್ರೆಡ್ಡಿನಲ್ಲಿದೆ, ಉಳ್ಳಾಗಡ್ಡಿಯಲ್ಲಿದೆ, ಜೋಳದಲ್ಲಿ ಕಡಿಮೆ. ಇದನ್ನು ಕೇಳಿ ಅವನು ನಕ್ಕದ್ದು ಆ ತಿಂಗಳಲ್ಲಿ ಮೊದಲ ಸಲವಂತೆ.

ವೈದ್ಯರ ಒಪ್ಪಿಗೆ ಪಡೆದು ಕೊಟ್ಟ ಸಲಹೆ ಸರಳವಾಗಿತ್ತು. ಮೊದಲ ವಾರ ದಿನಕ್ಕೆ ಅರ್ಧ ರೊಟ್ಟಿ, ಮೆತ್ತಗೆ ಬೇಯಿಸಿದ ಹೆಸರುಕಾಳು ಎರಡು ಚಮಚ, ತಡೆದುಕೊಂಡರೆ ಹೆಚ್ಚಿಸುವುದು. ಒಮ್ಮೆಲೇ ತಿಂದರೆ ಉಬ್ಬರವಾಗಿ ಹಳೆಯ ಭಯ ಮರಳುತ್ತದೆ. ಹಸಿ ಉಳ್ಳಾಗಡ್ಡಿ ಕೊನೆಗೆ. ಅಮೆರಿಕದ ಗ್ಯಾಸ್ಟ್ರೊಎಂಟರಾಲಜಿ (ಜೀರ್ಣಾಂಗ ರೋಗಗಳ) ವೈದ್ಯರ ಸಂಘವೇ 2020ರಲ್ಲಿ ಐಬಿಎಸ್‌ಗೆ ಪ್ರೊಬಯಾಟಿಕ್ಕನ್ನು ಸಂಶೋಧನೆಯ ಹೊರಗೆ ಶಿಫಾರಸು ಮಾಡದಿರುವುದರಿಂದ, ಮಾತ್ರೆಯ ಹಣವನ್ನು ಮೆಸ್ಸಿಗೆ ಕಟ್ಟಲು ಹೇಳಿದೆ.

ನನ್ನ ಪಾಲಿನ ಕೆಲಸ ಬೇರೆಯಿತ್ತು. ಮಿದುಳು ಮತ್ತು ಕರುಳುಗಳ ನಡುವೆ ವೇಗಸ್ ನರದ ಮೂಲಕ ಎರಡೂ ಕಡೆಗೆ ಸಂದೇಶ ಓಡಾಡುತ್ತದೆ. ಆತಂಕದಲ್ಲಿ ಕರುಳಿನ ಚಲನೆಯೂ ನೋವಿನ ಅರಿವೂ ಬದಲಾಗುತ್ತವೆ. ಊಟಕ್ಕೆ ಮೊದಲು ಐದು ನಿಮಿಷ ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವುದು, ಮಲವನ್ನು ದಿಟ್ಟಿಸಿ ನೋಡಿ ಮೊಬೈಲಿನಲ್ಲಿ ಹುಡುಕುವ ಅಭ್ಯಾಸವನ್ನು ವಾರ ವಾರಕ್ಕೆ ಕಡಿಮೆ ಮಾಡುವುದು, ಅವ್ವನಿಗೆ ನಿಜ ಹೇಳುವುದು — ಇವುಗಳಲ್ಲಿ ಮೂರನೆಯದರಿಂದ ಅವನು ಬಹಳ ದಿನ ತಪ್ಪಿಸಿಕೊಂಡ.

ಆರನೆಯ ಭೇಟಿಯ ಹೊತ್ತಿಗೆ ಒಂದೂವರೆ ರೊಟ್ಟಿಯವರೆಗೆ ಬಂದಿದ್ದ. ಪರೀಕ್ಷೆಯ ಬೆಳಿಗ್ಗೆ ಎರಡು ಸಲ ಶೌಚಕ್ಕೆ ಓಡಿದರೂ ಪರೀಕ್ಷೆ ಬರೆದು ಬಂದ. ಗಂಟನ್ನು ಈಗ ಹಂಚುವುದಿಲ್ಲವೆಂದೂ, ಸುದ್ದಿ ತಿಳಿದ ಅವ್ವ ಅದರಲ್ಲಿ ಅಗಸಿ ಹಿಂಡಿಯ (ಅಗಸೆ ಬೀಜದ ಚಟ್ನಿಪುಡಿ) ಡಬ್ಬಿಯನ್ನೂ ಸೇರಿಸಿದ್ದಾಳೆಂದೂ ಹೇಳಿ, ಅದನ್ನು ದಿನಕ್ಕೆ ಎಷ್ಟು ಚಮಚ ತಿನ್ನಬಹುದೆಂದು ಕೇಳಿದ.